ಊರಿಗೆ ಊರೇ ಹೇಳುವ ಸುಳ್ಳು

"ಅವರಿಗೆ ಗೊತ್ತಾಗುವುದು ಬೇಡ ಡಾಕ್ಟ್ರೇ." ಅತ್ತಾವರ, ಕಂಕನಾಡಿ, ಕುಂಟಿಕಾನ, ದೇರಳಕಟ್ಟೆ, ಮಂಗಳೂರಿನ ಯಾವ ದೊಡ್ಡ ಆಸ್ಪತ್ರೆಯ ಕ್ಯಾನ್ಸರ್ ವಿಭಾಗದ ಹೊರಗೆ ಸ್ವಲ್ಪ ಹೊತ್ತು ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ. ಹೇಳುವವರು ಮಗ, ಅಳಿಯ, ಇಲ್ಲವೇ ತಮ್ಮ. ಡಾಕ್ಟರು ತಲೆಯಾಡಿಸುತ್ತಾರೆ. ರೋಗ ಒಳಗೆ ಮಂಚದ ಮೇಲಿರುವವರದ್ದು, ಉಳಿದಿರುವ ದಿನಗಳೂ ಅವರದ್ದೇ. ತೀರ್ಮಾನ ಮಾತ್ರ ಅವರನ್ನು ಬಿಟ್ಟು ಹೊರಗೆ ನಿಂತಲ್ಲೇ ಆಗಿಹೋಗುತ್ತದೆ. ಆಮೇಲೆ ಎಲ್ಲರೂ ಮುಖ ಒರೆಸಿಕೊಂಡು ಒಳಗೆ ಹೋಗಿ "ದಾಲ ಆಪುಜಿ" ಎನ್ನುತ್ತಾರೆ. ಏನೂ ಆಗುವುದಿಲ್ಲ. ತುಳು, ಕೊಂಕಣಿ, ಬ್ಯಾರಿ, ಕನ್ನಡ: ಈ ಊರಿನಲ್ಲಿ ಸುಳ್ಳಿಗೂ ನಾಲ್ಕು ಭಾಷೆ.

ಈ ಒಪ್ಪಂದಕ್ಕೆ ನಾವು ಪ್ರೀತಿ ಎಂದು ಹೆಸರಿಟ್ಟಿದ್ದೇವೆ. ಅದಕ್ಕೊಂದು ಸಿದ್ಧಾಂತವನ್ನೂ ಕಟ್ಟಿಕೊಂಡಿದ್ದೇವೆ. ಕೊನೆಯ ಹಂತದ ಕ್ಯಾನ್ಸರ್ ಇರುವ ಮನೆಗೆ ತರಬೇತಾದ ಆಪ್ತಸಮಾಲೋಚಕರು ಬೇಕು, ಮನೆಯವರನ್ನೆಲ್ಲ ಒಟ್ಟಿಗೆ ಕೂರಿಸಿ ಮಾತನಾಡಿಸುವುದು ಚಿಕಿತ್ಸೆಯ ಭಾಗ, ಸಾವಿನ ನಂತರವೂ ಅದು ಮುಂದುವರಿಯಬೇಕು ಎಂದು ಹೇಳಿ ನೋಡಿ. "ಅದೆಲ್ಲ ಅಮೆರಿಕದವರಿಗೆ ಮಾರಾಯ್ರೆ, ಅಲ್ಲಿ ಯಾರಿಗೂ ಯಾರೂ ಇಲ್ಲ. ನಮಗೆ ಕುಟುಂಬ ಉಂಟಲ್ಲ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಆರೋಗ್ಯ ಶಿಬಿರದ ವೇದಿಕೆಯಲ್ಲಿ, ಮಂತ್ರಿಗಳ ಭಾಷಣದಲ್ಲಿ, ವಿದ್ಯಾವಂತರ ಡ್ರಾಯಿಂಗ್ ರೂಮಿನಲ್ಲಿ ಇದೇ ಮಾತು. ಕುಟುಂಬವೇ ಮದ್ದು, ಕುಟುಂಬವೇ ಕೌನ್ಸೆಲರ್. ಕೇಳಲು ಎಷ್ಟು ಹಿತ! ಖರ್ಚೂ ಇಲ್ಲ. ನನ್ನ ಆರೋಪ ಇಷ್ಟೇ: ಈ ಹೆಮ್ಮೆಯ ಮಾತು ಕುಟುಂಬವನ್ನು ಅದರ ಅತ್ಯಂತ ಕಷ್ಟದ ಹೊತ್ತಿನಲ್ಲಿ ಕೈಬಿಡಲು ನಾವು ಹುಡುಕಿಕೊಂಡಿರುವ ನೆಪ.

ಮೊದಲು ಸುಳ್ಳಿನ ವಿಚಾರವನ್ನೇ ನೋಡೋಣ. ಗೊತ್ತಾದರೆ ಅವರು ಕುಸಿದುಹೋಗುತ್ತಾರೆ ಎನ್ನುತ್ತೀರಿ. ಅವರಿಗೆ ಗೊತ್ತಿಲ್ಲ ಎಂದು ನಿಮಗೆ ಹೇಳಿದವರು ಯಾರು? ಮೂರು ವಾರಕ್ಕೊಮ್ಮೆ ಕೀಮೋ ಹಾಕಿಸಿಕೊಂಡವರಿಗೆ, ಪಕ್ಕದ ಕುರ್ಚಿಯಲ್ಲಿ ತಲೆಗೆ ಶಾಲು ಸುತ್ತಿಕೊಂಡು ಕೂತ ಹೆಂಗಸಿನ ಜೊತೆ ಗಂಟೆಗಟ್ಟಲೆ ಮಾತನಾಡಿದವರಿಗೆ, ಸ್ವಂತ ಕೂದಲು ದಿಂಬಿನ ಮೇಲೆ ಉದುರುವುದನ್ನು ಕಂಡವರಿಗೆ ಅದು ‘ಚಿಕ್ಕ ಗಡ್ಡೆ’, ‘ಇನ್‌ಫೆಕ್ಷನ್’ ಎಂದು ನಂಬಿಸಿದ್ದೇವೆ ಎಂದುಕೊಳ್ಳಲು ಎಷ್ಟು ಜಾಣರಾಗಿರಬೇಕು? ಬೀಡಿ ಕಟ್ಟಿ ಮೂರು ಮಕ್ಕಳನ್ನು ಓದಿಸಿದ ಹೆಂಗಸು ತನ್ನ ದೇಹ ಏನು ಹೇಳುತ್ತಿದೆ ಎಂಬುದನ್ನು ತಿಳಿಯಲಾರಳೇ? ತಿಳಿಯುತ್ತಾಳೆ. ತಿಳಿದ ಮೇಲೆ ತನಗೆ ತಿಳಿದಿದೆ ಎಂಬುದನ್ನು ಮಕ್ಕಳಿಂದ ಮುಚ್ಚಿಡುತ್ತಾಳೆ, ಪಾಪ, ಮಕ್ಕಳು ನೊಂದುಕೊಂಡಾರು ಎಂದು. ಅಲ್ಲಿಂದ ಮುಂದೆ ಒಂದೇ ಕೋಣೆಯಲ್ಲಿ ಎರಡು ಕಡೆಯವರೂ ವೇಷ ಹಾಕಿಕೊಂಡು ಕೂರುತ್ತಾರೆ. ಬೆಳಗಿನವರೆಗೂ ಮುಗಿಯದ ಯಕ್ಷಗಾನ ಅದು. ಚೌಕಿಗೆ ಹೋಗಿ ಬಣ್ಣ ತೆಗೆಯಲು ಯಾರಿಗೂ ಬಿಡುವಿಲ್ಲ.

ಈ ನಾಟಕದಿಂದ ಯಾರಿಗೆ ಲಾಭ? ರೋಗಿಗಂತೂ ಅಲ್ಲ. ಸಾವಿನ ಬಗ್ಗೆ ಅವರಿಗೆ ಭಯವಿದ್ದರೆ ಆ ಭಯವನ್ನು ಹೇಳಿಕೊಳ್ಳಲು ಜಗತ್ತಿನಲ್ಲಿ ಒಬ್ಬರೂ ಉಳಿಯದ ಹಾಗೆ ಮಾಡಿದ್ದೇವೆ. ಲಾಭ ಆಗುವುದು ಕಠಿಣ ಮಾತಿನಿಂದ ತಪ್ಪಿಸಿಕೊಂಡವರಿಗೆ: ಮಗನಿಗೆ, ಅಳಿಯನಿಗೆ, ಮುಖ್ಯವಾಗಿ ಹೊರಗೆ ಐವತ್ತು ಜನ ಕಾಯುತ್ತಿರುವ ಡಾಕ್ಟರಿಗೆ. ರೋಗಿಯನ್ನು ಕಾಪಾಡುತ್ತಿದ್ದೇವೆ ಎಂದು ಹೇಳಿಕೊಂಡು ನಾವು ಕಾಪಾಡಿಕೊಳ್ಳುತ್ತಿರುವುದು ನಮ್ಮನ್ನು.

ಕೆಲವರಿಗೆ ನಿಜವಾಗಿಯೂ ಎಲ್ಲವನ್ನೂ ತಿಳಿಯುವ ಮನಸ್ಸಿರುವುದಿಲ್ಲ ಎಂದು ಯಾರಾದರೂ ಹೇಳಬಹುದು. ಸರಿ. ಹಾಗಾದರೆ ಅವರನ್ನು ಕೇಳಿದ್ದೀರಾ? "ನಿಮ್ಮ ಕಾಯಿಲೆಯ ಬಗ್ಗೆ ಎಷ್ಟು ತಿಳಿಸಬೇಕು? ನಿಮಗೇ ಹೇಳಬೇಕೋ, ಮನೆಯವರಲ್ಲಿ ಯಾರಿಗಾದರೂ ಹೇಳಿದರೆ ಸಾಕೋ?" ಎಂಬ ಒಂದು ಪ್ರಶ್ನೆಯನ್ನು ಮೊದಲ ಭೇಟಿಯಲ್ಲೇ ಕೇಳಲು ಎಷ್ಟು ಹೊತ್ತು ಬೇಕು? ಮದುವೆಯ ಊಟಕ್ಕೆ ಪಾಯಸ ಯಾವುದು ಎಂದು ಹತ್ತು ಜನರನ್ನು ಕೇಳುತ್ತೇವೆ. ಇದನ್ನು ಕೇಳುವುದಿಲ್ಲ.

ಮುಚ್ಚಿಟ್ಟದ್ದರ ಬೆಲೆಯನ್ನು ಲೆಕ್ಕ ಹಾಕಿದವರು ಯಾರೂ ಇಲ್ಲ. ಯಾರ ಹತ್ತಿರ ಕೈಸಾಲ, ಯಾರಿಂದ ಬರಬೇಕಾದದ್ದು, ಪಹಣಿ ಯಾರ ಹೆಸರಲ್ಲಿದೆ, ಲಾಕರಿನ ಕೀಲಿ ಎಲ್ಲಿ, ವಿಮೆಯ ನಾಮಿನಿ ಮದುವೆಗೆ ಮುಂಚಿನದ್ದೋ ನಂತರದ್ದೋ: ಇದು ಯಾವುದನ್ನೂ ಕೇಳುವ ಹಾಗಿಲ್ಲ. ಕೇಳಿದರೆ ಗೊತ್ತಾಗಿಬಿಡುತ್ತದಲ್ಲ! ಕೆನರಾ, ಕಾರ್ಪೊರೇಶನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ ಎಂದು 1906ರಿಂದ 1931ರೊಳಗೆ ಐದು ಬ್ಯಾಂಕುಗಳನ್ನು ಹುಟ್ಟಿಸಿದ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆ ಇದು. ಇಲ್ಲಿ ಗಂಡನ ಖಾತೆ ಎಷ್ಟು ಬ್ಯಾಂಕಿನಲ್ಲಿದೆ ಎಂದು ಹೆಂಡತಿಗೆ ಗೊತ್ತಾಗುವುದು ಉತ್ತರಕ್ರಿಯೆ ಮುಗಿದ ಮೇಲೆ. ಹಣದ ಮಾತಾಯಿತು. ಇನ್ನು ಇಪ್ಪತ್ತು ವರ್ಷ ಮಾತು ಬಿಟ್ಟ ತಮ್ಮನನ್ನು ಒಮ್ಮೆ ನೋಡಬೇಕು ಎಂಬ ಆಸೆ, ಹೆಂಡತಿಯ ಹತ್ತಿರ ಕೇಳಬೇಕಿದ್ದ ಕ್ಷಮೆ, ಜಾತಿ ಬಿಟ್ಟು ಮದುವೆಯಾದಳೆಂದು ದೂರ ಮಾಡಿದ ಮಗಳು: ಇವುಗಳಿಗೆ ನಾಮಿನಿ ಯಾರು? ದಿನ ಕಡಿಮೆ ಎಂದು ತಿಳಿಯದವನು ಇವನ್ನೆಲ್ಲ ನಾಳೆಗೆ ದೂಡುತ್ತಾನೆ. ಅವನ ಹತ್ತಿರ ಎಷ್ಟು ನಾಳೆಗಳಿವೆ ಎಂದು ಗೊತ್ತಿದ್ದವರು ಸುಮ್ಮನಿರುತ್ತಾರೆ. ಇದಕ್ಕಿಂತ ದೊಡ್ಡ ಕಳ್ಳತನ ಇನ್ನೊಂದಿದೆಯೇ?

ನಮ್ಮದೇ ಊರಿನ ವಿಚಿತ್ರ ನೋಡಿ. ಆಟಿ ತಿಂಗಳು ಬಂತೆಂದರೆ ತುಳುನಾಡಿನ ಎಷ್ಟೋ ಮನೆಗಳಲ್ಲಿ ಕುಲೆಗಳಿಗೆ ಬಡಿಸುತ್ತಾರೆ. ತೀರಿಹೋದವರಿಗೆ ಬಾಳೆಲೆ ಹಾಕಿ, ಅವರಿಗೆ ಇಷ್ಟವಿದ್ದ ಪದಾರ್ಥವನ್ನೇ ಮಾಡಿ, "ಬಂದು ಉಂಡು ಹೋಗಿ, ಮಕ್ಕಳನ್ನು ಕಾಯಿರಿ" ಎಂದು ಬಾಯಿಬಿಟ್ಟು ಕರೆಯುತ್ತಾರೆ. ಮದುವೆಯಾಗದೆ ಸತ್ತ ಮಕ್ಕಳಿಗೆ ಸತ್ತವರಲ್ಲೇ ಜೋಡಿ ಹುಡುಕಿ ಕುಲೆ ಮದುವೆ ಮಾಡಿಸುವವರೂ ಇದ್ದಾರೆ. ನವೆಂಬರ್ 2ರಂದು ಇಗರ್ಜಿಗಳ ಸಮಾಧಿಗಳು ಹೂವು, ಮೇಣದ ಬತ್ತಿಗಳಿಂದ ತುಂಬುತ್ತವೆ. ಮಸೀದಿಯ ಪಕ್ಕದಲ್ಲಿ ಕಬರಿನ ಹತ್ತಿರ ನಿಂತು ದುವಾ ಮಾಡುತ್ತಾರೆ. ಸತ್ತವರ ಜೊತೆ ಇಷ್ಟು ಸಲೀಸಾಗಿ ಮಾತನಾಡುವ ಜನ ಬೇರೆಲ್ಲಿದ್ದಾರೋ ನಾನು ಕಾಣೆ. ಆದರೆ ಸಾಯುತ್ತಿರುವವರ ಜೊತೆ? ಬದುಕಿರುವಾಗ "ನಿನಗೆ ಏನಾಗಬೇಕು ಅಪ್ಪಾ?" ಎಂದು ಕೇಳಲು ನಾಲಿಗೆ ಏಳದವರು, ಸತ್ತ ಮೇಲೆ ಎಲೆಯ ಮುಂದೆ ಕೈಮುಗಿದು ಕೇಳುತ್ತೇವೆ. ಸಂಸ್ಕೃತಿಯಲ್ಲಿ ಸಾವಿನ ಭಾಷೆ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಭಾಷೆ ಬೇಕಾದಷ್ಟಿದೆ. ಅದನ್ನು ಹದಿಮೂರು ದಿನ ಮೊದಲು ಬಳಸಲು ಧೈರ್ಯ ಇಲ್ಲ, ಅಷ್ಟೆ.

‘ಮನೆಯ ವಿಷಯವನ್ನು ಹೊರಗಿನವರ ಮುಂದೆ ಹೇಳುವುದು ನಮ್ಮ ಪದ್ಧತಿಯಲ್ಲ’ ಎನ್ನುವವರಿಗೂ ಇಲ್ಲೇ ಉತ್ತರವಿದೆ. ತರವಾಡು ಮನೆಯಲ್ಲಿ ಕುಟುಂಬದವರೆಲ್ಲ ಸೇರಿ ದೈವದ ಎದುರು ನಿಂತು, ಪಾಲಿನ ಜಗಳದಿಂದ ಹಿಡಿದು ಹಳೆಯ ಮನಸ್ತಾಪದವರೆಗೆ ಎಲ್ಲವನ್ನೂ ಒಪ್ಪಿಸುವುದು, ದೈವದ ನುಡಿಯನ್ನು ಕೇಳುವುದು ಏನು ಹಾಗಾದರೆ? ಗುರ್ಕಾರರ ಮೂಲಕ, ಪಾದ್ರಿಗಳ ಮೂಲಕ, ಜಮಾತಿನ ಹಿರಿಯರ ಮೂಲಕ ಮನೆಯ ವ್ಯಾಜ್ಯ ತೀರಿಸಿಕೊಂಡವರು ಯಾರು? ಇಡೀ ಕುಟುಂಬ ಒಂದೆಡೆ ಕೂತು, ಪಕ್ಷವಿಲ್ಲದ ಮೂರನೆಯವರ ಎದುರು, ಒಬ್ಬರ ಮಾತನ್ನು ಇನ್ನೊಬ್ಬರು ಕೇಳಿಸಿಕೊಳ್ಳುವುದು ನಮಗೆ ಅನಾದಿಯಿಂದ ಗೊತ್ತು. ಅದೇ ಕೆಲಸವನ್ನು ಸೈಕಾಲಜಿ ಓದಿದ ಹೆಣ್ಣುಮಗಳೊಬ್ಬಳು ಆಸ್ಪತ್ರೆಯ ಕೋಣೆಯಲ್ಲಿ ಮಾಡಿದರೆ ಮಾತ್ರ ಅದು ವಿದೇಶಿ ಆಗುವುದು ಹೇಗೆ?

‘ಪಾಶ್ಚಾತ್ಯ’ ಎಂಬ ಈ ಬೈಗುಳ ಇನ್ನೂ ತಮಾಷೆಯದ್ದು. ಕೀಮೋ ಪಾಶ್ಚಾತ್ಯವಲ್ಲ. ಲೀನಿಯರ್ ಆಕ್ಸಿಲರೇಟರ್ ಪಾಶ್ಚಾತ್ಯವಲ್ಲ. ಕಂಕನಾಡಿಯಲ್ಲಿ 1880ರಲ್ಲಿ ಜರ್ಮನಿಯ ಜೆಸ್ವಿಟ್ ಪಾದ್ರಿ ಆಗಸ್ಟಸ್ ಮುಲ್ಲರ್ ಜರ್ಮನಿಯದ್ದೇ ಹೋಮಿಯೋಪತಿ ಗುಳಿಗೆ ಹಂಚತೊಡಗಿದರು, ಅದು ಬೆಳೆದು ಊರಿಗೆ ಆಸರೆಯಾಯಿತು. ಯಾರಾದರೂ ಬೇಡ ಎಂದರೇ? ಜಿಲ್ಲಾಸ್ಪತ್ರೆಗೆ ಮದ್ರಾಸಿನ ಬ್ರಿಟಿಷ್ ಗವರ್ನರ್ ವೆನ್ಲಾಕ್‌ನ ಹೆಸರು ಇಂದಿಗೂ ಉಂಟು. ಯಂತ್ರ ಹೊರಗಿನಿಂದ ಬರಬಹುದು, ಮಾತ್ರೆ ಬರಬಹುದು, ಮಾತು ಬರಬಾರದು! ಅದಿರಲಿ, ಮನೆಯವರನ್ನು ಚಿಕಿತ್ಸೆಯೊಳಗೆ ತರುವುದರಲ್ಲಿ ನಮ್ಮ ದೇಶ ಯಾರಿಗೂ ಹಿಂದಿರಲಿಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲೇ ಡೇರೆ ಹಾಕಿಸಿ, ರೋಗಿಗಳ ಜೊತೆ ಮನೆಯವರನ್ನೂ ಇರಿಸಿಕೊಂಡು ಚಿಕಿತ್ಸೆಯಲ್ಲಿ ಸೇರಿಸಿಕೊಂಡರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಅದೇ ದಶಕದಲ್ಲಿ ಈ ದಾರಿ ಹಿಡಿಯಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬಗಳಿಗೆಂದೇ ಮನೋವೈದ್ಯಕೀಯ ಕೇಂದ್ರ ಎಷ್ಟೋ ದಶಕಗಳಿಂದ ನಡೆಯುತ್ತಿದೆ. ರೈಲಿನಲ್ಲಿ ಒಂದು ರಾತ್ರಿಯ ದಾರಿ. ಆ ಒಂದು ರಾತ್ರಿಯನ್ನು ದಾಟಿ ಈ ವಿದ್ಯೆ ಮಂಗಳೂರಿನ ಕ್ಯಾನ್ಸರ್ ವಾರ್ಡಿಗೆ ಬರಲು ಇನ್ನೂ ಎಷ್ಟು ವರ್ಷ ಬೇಕು?

ಇನ್ನು ‘ಕುಟುಂಬ ಉಂಟಲ್ಲ’ ಎಂಬ ದೊಡ್ಡ ಮಾತು. ಯಾವ ಕುಟುಂಬದ ವಿಷಯ ಹೇಳುತ್ತಿದ್ದೀರಿ? ದೊಡ್ಡ ಮಗ ದುಬೈ, ಸಣ್ಣವನು ಬೆಂಗಳೂರು, ಮಗಳು ಮುಂಬೈ ಅಥವಾ ಕುವೈತ್, ಮನೆಯಲ್ಲಿ ಎಪ್ಪತ್ತರ ಅಪ್ಪ ಅಮ್ಮ, ಹೆಚ್ಚೆಂದರೆ ಒಬ್ಬ ಸೊಸೆ. ಕರಾವಳಿಯ ಕುಟುಂಬ ಎಂದರೆ ಈಗ ಒಂದು ವಾಟ್ಸ್ಯಾಪ್ ಗ್ರೂಪು. ಆ ಗ್ರೂಪಿನಲ್ಲಿ ರಾತ್ರಿ ಹನ್ನೊಂದಕ್ಕೆ ರಿಪೋರ್ಟಿನ ಫೋಟೋ ಬೀಳುತ್ತದೆ, ಆರು ಜನ ಕೈಮುಗಿದ ಚಿತ್ರ ಹಾಕುತ್ತಾರೆ. ದೂರದಲ್ಲಿರುವ ಮಗನಿಗೆ ಬರಲಾಗಲಿಲ್ಲ ಎಂಬ ಪಾಪಪ್ರಜ್ಞೆ. ಅದನ್ನು ತೀರಿಸಿಕೊಳ್ಳಲು ಅವನಿಗೆ ತೋಚುವುದು ಒಂದೇ: "ಖರ್ಚಿಗೆ ನೋಡಬೇಡಿ, ಏನು ಮಾಡಲಿಕ್ಕಾಗುತ್ತದೋ ಎಲ್ಲ ಮಾಡಿ." ಹತ್ತಿರ ಇದ್ದು ನೋಡುತ್ತಿರುವ ತಮ್ಮನಿಗೆ ಗೊತ್ತು, ಅಪ್ಪನಿಗೆ ಇನ್ನು ಚುಚ್ಚುವುದು ಬೇಡ ಎಂದು. ಹೇಳಿದರೆ ದುಡ್ಡಿಗೆ ನೋಡಿದ ಎಂಬ ಮಾತು ಬರುತ್ತದೆ. ಆದ್ದರಿಂದ ಸುಮ್ಮನಿರುತ್ತಾನೆ. ಹೀಗೆ ಒಬ್ಬನ ಪಾಪಪ್ರಜ್ಞೆ, ಇನ್ನೊಬ್ಬನ ಅಂಜಿಕೆ ಸೇರಿ ವೃದ್ಧನೊಬ್ಬ ತೀವ್ರ ನಿಗಾ ಘಟಕದ ತಣ್ಣನೆ ಕೋಣೆಯಲ್ಲಿ, ಗಂಟಲಿಗೆ ನಳಿಕೆ ತೂರಿಸಿಕೊಂಡು, ಯಾರ ಕೈಯೂ ಸಿಗದೆ ಕಣ್ಣು ಮುಚ್ಚುತ್ತಾನೆ. ಮನೆಯವರು ಕೆಟ್ಟವರಾಗಿದ್ದರಿಂದ ಹೀಗಾಯಿತೇ? ಅವರನ್ನು ಒಂದು ಗಂಟೆ ಒಟ್ಟಿಗೆ ಕೂರಿಸಿ, "ಅಪ್ಪನಿಗೆ ಏನು ಬೇಕು?" ಎಂದು ಕೇಳುವವರು ಯಾರೂ ಇರಲಿಲ್ಲ. ವಿಡಿಯೋ ಕಾಲಿನಲ್ಲಿ ದುಬೈಯವನನ್ನೂ ಸೇರಿಸಿಕೊಂಡು ಕೂರಿಸಬಹುದಿತ್ತು. ಅದು ಯಾರ ಕೆಲಸವೂ ಆಗಿರಲಿಲ್ಲ.

ಸೊಸೆಯ ಮಾತು ಬಂತು. ಕುಟುಂಬವೇ ಮದ್ದು ಎಂಬ ಮಾತನ್ನು ಬಿಡಿಸಿ ನೋಡಿದರೆ ಒಳಗೆ ಸಿಗುವುದು ಒಬ್ಬಳೇ ಹೆಂಗಸು. ಹೆಂಡತಿ, ಮಗಳು, ಸೊಸೆ, ಯಾರೋ ಒಬ್ಬಳು. ಆಸ್ಪತ್ರೆಯ ಭಾಷೆಯಲ್ಲಿ ಬೈಸ್ಟ್ಯಾಂಡರ್. ರಾತ್ರಿ ನೆಲದ ಮೇಲೆ ಚಾಪೆ ಹಾಸಿ ಮಲಗುವವಳು, ವಾಂತಿ ಬಳಿಯುವವಳು, ಮಾರ್ಫಿನ್ ಗುಳಿಗೆಯ ಹೊತ್ತು ನೆನಪಿಡುವವಳು, ಬಂದವರಿಗೆಲ್ಲ ಚಾ ಮಾಡಿಕೊಟ್ಟು "ಹೇಗಿದ್ದಾರೆ?" ಎಂಬ ಪ್ರಶ್ನೆಗೆ ದಿನಕ್ಕೆ ಹತ್ತು ಸಲ ಉತ್ತರ ಕೊಡುವವಳು. ಸುಳ್ಳನ್ನು ಹೊರುವ ಕೆಲಸವೂ ಅವಳದ್ದೇ. ಗಂಡಸರು ತೀರ್ಮಾನಿಸಿ ಆಫೀಸಿಗೆ ಹೋಗುತ್ತಾರೆ. ಮಧ್ಯಾಹ್ನ ಮೂರಕ್ಕೆ "ನಿಜ ಹೇಳು, ನನಗೆ ಏನಾಗಿದೆ?" ಎಂದು ರೋಗಿ ಕೇಳುವುದು ಅವಳನ್ನು. ಅವಳಿಗೆ ನಿದ್ದೆ ಇದೆಯೇ, ಅವಳು ಊಟ ಮಾಡಿದಳೇ ಎಂದು ವಿಚಾರಿಸುವವರು ಬೇಡವೇ? ವಿಶ್ವ ಆರೋಗ್ಯ ಸಂಸ್ಥೆ ಉಪಶಾಮಕ ಆರೈಕೆಗೆ 2002ರಲ್ಲಿ ಕೊಟ್ಟ ವ್ಯಾಖ್ಯೆಯಲ್ಲೇ ರೋಗಿಯ ಜೊತೆ ಕುಟುಂಬವೂ ಇದೆ, ಸಾವಿನ ನಂತರದ ಅವರ ದುಃಖವೂ ಇದೆ. ಅಂದರೆ ಆ ಚಾಪೆಯ ಮೇಲೆ ಮಲಗಿದವಳೂ ಆಸ್ಪತ್ರೆಯ ಹೊಣೆ. ನಾವು ಅವಳಿಗೆ ಕೊಟ್ಟಿರುವುದು ಒಂದು ಪಾಸು.

ಮಕ್ಕಳ ವಿಷಯದಲ್ಲಂತೂ ನಮ್ಮ ಕ್ರೌರ್ಯಕ್ಕೆ ಮಿತಿಯಿಲ್ಲ. ಅಜ್ಜಿ ಮನೆಗೆ ಕಳಿಸಿಬಿಡುವುದು, ಕೊನೆಗೆ "ಅಪ್ಪ ದೂರ ಹೋಗಿದ್ದಾರೆ" ಎನ್ನುವುದು. ಅರ್ಧ ಮಕ್ಕಳ ಅಪ್ಪಂದಿರು ಕೊಲ್ಲಿ ದೇಶಕ್ಕೆ ದೂರ ಹೋಗಿ ಎರಡು ವರ್ಷಕ್ಕೊಮ್ಮೆ ಪೆಟ್ಟಿಗೆ ತುಂಬ ಚಾಕಲೇಟು ಹಿಡಿದುಕೊಂಡು ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿಯುವ ಊರಿನಲ್ಲಿ, ಏಳು ವರ್ಷದ ಹುಡುಗಿಗೆ ಈ ಮಾತಿನ ಅರ್ಥ ಏನಾದೀತು ಎಂದು ಯೋಚಿಸಿದ್ದೀರಾ?

ಕುಟುಂಬ ಚಿಕಿತ್ಸೆ ಎಂದರೆ ಏನೆಂದು ತಿಳಿಯದೆಯೇ ಅದನ್ನು ಬೇಡ ಎನ್ನುವವರೇ ಹೆಚ್ಚು. ಅವರ ಕಲ್ಪನೆಯಲ್ಲಿ ಅದು ಹುಚ್ಚರಿಗೆ ಕೊಡುವಂಥದ್ದು, ಇಲ್ಲವೇ "ಧೈರ್ಯ ತೆಗೆದುಕೊಳ್ಳಿ, ಪಾಸಿಟಿವ್ ಆಗಿರಿ" ಎಂದು ಬೆನ್ನು ತಟ್ಟುವ ಉಪನ್ಯಾಸ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಡೇವಿಡ್ ಕಿಸೇನ್ ಮತ್ತು ಸಿಡ್ನಿ ಬ್ಲಾಕ್ ಎಂಬ ಮನೋವೈದ್ಯರು ರೂಪಿಸಿದ ಕ್ರಮವನ್ನು ನೋಡಿ. ರೋಗಿ ಬದುಕಿರುವಾಗಲೇ, ರೋಗಿಯೂ ಇರುವಾಗಲೇ ಮನೆಯವರೆಲ್ಲರನ್ನೂ ಒಂದೂವರೆ ಗಂಟೆ ಕೂರಿಸುತ್ತಾರೆ. ಉಪದೇಶವಿಲ್ಲ, ಪ್ರಶ್ನೆಗಳು ಮಾತ್ರ. ಈ ಮನೆಯಲ್ಲಿ ಹಿಂದೆ ಸಾವಾದಾಗ ಯಾರು ಹೇಗೆ ತಡೆದುಕೊಂಡರು? ಈಗ ಯಾರಿಗೆ ಹೆಚ್ಚು ಕಷ್ಟವಾಗುತ್ತಿದೆ ಎಂದು ನಿಮಗೆ ಅನಿಸುತ್ತದೆ? ಅಮ್ಮ ಅಳುವಾಗ ನೀವು ಏನು ಮಾಡುತ್ತೀರಿ? ಮನೆಯವರು ಒಬ್ಬರೊಡನೊಬ್ಬರು ಹೇಗೆ ಮಾತನಾಡುತ್ತಾರೆ, ಎಷ್ಟು ಒಟ್ಟಾಗಿದ್ದಾರೆ, ಜಗಳವನ್ನು ಹೇಗೆ ಬಗೆಹರಿಸುತ್ತಾರೆ: ಈ ಮೂರರ ಮೇಲೆ ಕೆಲಸ. ಎಲ್ಲ ಕುಟುಂಬಗಳಿಗೂ ಇದು ಬೇಕು ಎಂದು ಅವರು ಹೇಳುವುದಿಲ್ಲ. ಚೆನ್ನಾಗಿ ಹೊಂದಿಕೊಂಡವರನ್ನು ಅವರ ಪಾಡಿಗೆ ಬಿಟ್ಟು, ಒಳಗೊಳಗೇ ಬೇಯುವ, ಮಾತು ಕಟ್ಟಿಕೊಂಡ ಮನೆಗಳನ್ನು ಆರಿಸುತ್ತಾರೆ. ಸಾವಾದ ನಂತರವೂ ತಿಂಗಳುಗಟ್ಟಲೆ ಇದು ನಡೆಯುತ್ತದೆ.

81 ಕುಟುಂಬಗಳ ಮೇಲೆ ನಡೆಸಿದ ಅವರ ಪರೀಕ್ಷೆಯ ಫಲ 2006ರಲ್ಲಿ ಪ್ರಕಟವಾಯಿತು. ಮೊದಲೇ ಹೆಚ್ಚು ಸಂಕಟ, ಖಿನ್ನತೆಯಲ್ಲಿದ್ದವರಿಗೆ ಅವು ಕಡಿಮೆಯಾಗಿದ್ದವು, ಮೌನವಾಗಿ ಮುನಿದುಕೊಂಡಿದ್ದ ಕುಟುಂಬಗಳೂ ಒಟ್ಟಾರೆ ಸುಧಾರಿಸುವತ್ತ ವಾಲಿದ್ದವು. ಆಮೇಲೆ ಅಮೆರಿಕದಲ್ಲಿ 170 ಕುಟುಂಬಗಳ ಮೇಲೆ ನಡೆದ ದೊಡ್ಡ ಪರೀಕ್ಷೆ 2016ರಲ್ಲಿ ಬಂತು. ಸಾವಾಗಿ 13 ತಿಂಗಳ ಹೊತ್ತಿಗೆ, ಮಾಮೂಲು ಆರೈಕೆ ಪಡೆದವರಲ್ಲಿ ನೂರಕ್ಕೆ 15.5ರಷ್ಟು ಮಂದಿ ತೀರದ ದುಃಖದ ಕಾಯಿಲೆಗೆ ಬಿದ್ದಿದ್ದರೆ, ಹತ್ತು ಸಲ ಕೂತು ಮಾತನಾಡಿದ ಕುಟುಂಬಗಳಲ್ಲಿ ಅದು 3.3. ಬಹಿರಂಗವಾಗಿ ಕಚ್ಚಾಡುವ ಮನೆಗಳಲ್ಲಿ ಬಹಳ ಜಾಗ್ರತೆಯಿಂದ ಹೆಜ್ಜೆ ಇಡಬೇಕು, ಎಚ್ಚರ ತಪ್ಪಿದರೆ ಜಗಳ ಹೆಚ್ಚುತ್ತದೆ ಎಂಬುದೂ ಮೊದಲ ಪರೀಕ್ಷೆಯಲ್ಲೇ ಕಂಡಿತ್ತು. ನೋಡಿ, ಇದು ಒಳ್ಳೆಯ ಮನಸ್ಸಿನ ಮಾವನೋ ನೆರೆಮನೆಯ ಮೇಷ್ಟ್ರೋ ಮಾಡುವ ಕೆಲಸವಲ್ಲ. ಕಲಿತವರು ಮಾಡಬೇಕಾದದ್ದು.

ದುಃಖಕ್ಕೆ ಎಂಥ ಕಾಯಿಲೆ, ಕಾಲವೇ ಮದ್ದು ಎನ್ನುತ್ತೀರಾ? ಬಹಳ ಮಂದಿಗೆ ಹೌದು. ಎಲ್ಲರಿಗೂ ಅಲ್ಲ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ 11ನೇ ರೋಗ ವರ್ಗೀಕರಣದಲ್ಲಿ, ಆರು ತಿಂಗಳು ಕಳೆದರೂ ಬಿಗಿ ಸಡಿಲವಾಗದೆ ಬದುಕನ್ನು ನಿಲ್ಲಿಸಿಬಿಡುವ ಶೋಕಕ್ಕೆ ಪ್ರತ್ಯೇಕ ಸ್ಥಾನ ಕೊಟ್ಟಿದ್ದಾರೆ. ನಮ್ಮಲ್ಲಿ ಏನಾಗುತ್ತದೆ? ಉತ್ತರಕ್ರಿಯೆಯ ದಿನ ಸಭಾಂಗಣದಲ್ಲಿ ಐನೂರು ಎಲೆ. ನುಡಿನಮನ, ಮೌನ ಪ್ರಾರ್ಥನೆ. ಪತ್ರಿಕೆಯಲ್ಲಿ ಭಾವಚಿತ್ರ. ಹದಿನಾಲ್ಕನೆಯ ದಿನದಿಂದ ಆ ಮನೆಯ ಬಾಗಿಲಿಗೆ ಯಾರೂ ಇಲ್ಲ. ಚಾಪೆಯ ಮೇಲೆ ಮಲಗುತ್ತಿದ್ದವಳ ಮುಖವನ್ನು ತಿಂಗಳುಗಟ್ಟಲೆ ನೋಡಿದ ಆಸ್ಪತ್ರೆಯಿಂದ ಒಂದು ಫೋನು ಬರುತ್ತದೆಯೇ? ಬಿಲ್ಲು ಬಾಕಿಯಿದ್ದರೆ ಬರುತ್ತದೆ. ಆರು ತಿಂಗಳ ನಂತರ ಎದೆನೋವು, ತಲೆಸುತ್ತು ಎಂದು ಅವಳೇ ಒಪಿಡಿಗೆ ಬರುತ್ತಾಳೆ. ಇಸಿಜಿ, ಎಕೋ, ಥೈರಾಯ್ಡ್ ಎಲ್ಲ ಮಾಡಿಸಿ "ಏನೂ ಇಲ್ಲ, ಟೆನ್ಶನ್" ಎಂದು ಗ್ಯಾಸಿನ ಮಾತ್ರೆ ಕೊಟ್ಟು ಕಳಿಸುತ್ತಾರೆ. ಮಾತಿಗೆ ಖರ್ಚು ಮಾಡಲು ಹಣವಿಲ್ಲ ಎನ್ನುವ ವ್ಯವಸ್ಥೆಯೇ ಈ ಪರೀಕ್ಷೆಗಳಿಗೆ ಬಿಲ್ಲು ಬರೆಯುತ್ತದೆ.

ಡಾಕ್ಟರುಗಳನ್ನು ಸುಮ್ಮನೆ ಬಿಡಲಾಗದು. ಭಾರತೀಯ ವೈದ್ಯಕೀಯ ಮಂಡಳಿಯ 2002ರ ವೃತ್ತಿ ನಡಾವಳಿಯೇ ಕಾಯಿಲೆಯ ಗಂಭೀರತೆಯನ್ನು ಹೆಚ್ಚಿಸಿಯೂ ಹೇಳಬಾರದು, ಕುಗ್ಗಿಸಿಯೂ ಹೇಳಬಾರದು ಎನ್ನುತ್ತದೆ. ಹಾಗಿರುವಾಗ ಮನೆಯವರು ಬೇಡ ಎಂದರು ಎಂಬ ಒಂದೇ ಕಾರಣಕ್ಕೆ ರೋಗಿಯ ಮುಖ ತಪ್ಪಿಸಿ ಹೋಗುವುದು ಯಾವ ನೀತಿ? ಮನೆಯವರು ಆಂಟಿಬಯೋಟಿಕ್ ಬೇಡ ಎಂದರೆ ನಿಲ್ಲಿಸುತ್ತೀರಾ? ಅಲ್ಲಿ ವಿಜ್ಞಾನ ನೆನಪಾಗುತ್ತದೆ, ಇಲ್ಲಿ ಸಂಸ್ಕೃತಿ ನೆನಪಾಗುತ್ತದೆ. ಎಲ್ಲ ಮುಗಿದ ಮೇಲೆ "ಇನ್ನು ಮನೆಗೆ ಕರೆದುಕೊಂಡು ಹೋಗಿ, ಬೇಕಾದ್ದನ್ನು ತಿನ್ನಲು ಕೊಡಿ" ಎಂಬ ಪ್ರಸಿದ್ಧ ವಾಕ್ಯ ಇದೆಯಲ್ಲ, ಅದು ಚಿಕಿತ್ಸೆಯ ಕೊನೆ ಎಂದು ನೀವು ತಿಳಿದಿದ್ದೀರಿ. ಆ ಮನೆಯವರಿಗೆ ಅದು ಶುರು.

ತಜ್ಞರಿಲ್ಲ ಎನ್ನುವ ಹಾಗೂ ಇಲ್ಲ. 1955ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಇಲ್ಲಿಗೆ ಬಂದಾಗಿನಿಂದ ಇದು ವೈದ್ಯರನ್ನು ತಯಾರಿಸುವ ಊರು, ಈಗ ಒಂದೇ ನಗರದ ಸುತ್ತ ಎಷ್ಟೊಂದು ಮೆಡಿಕಲ್ ಕಾಲೇಜುಗಳು! 1960ರಲ್ಲಿ ಆರಂಭವಾದ ರೋಶನಿ ನಿಲಯದ ಸಮಾಜಕಾರ್ಯ ಕಾಲೇಜಿನಿಂದ ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯ ಓದಿದವರು ತಲೆಮಾರುಗಳಿಂದ ಹೊರಬರುತ್ತಿದ್ದಾರೆ. ತುಳುವಿನಲ್ಲಿ ಅಳುವವರ ಮಾತನ್ನು ತುಳುವಿನಲ್ಲೇ ಕೇಳಿಸಿಕೊಳ್ಳಬಲ್ಲವರು. ಅವರನ್ನು ಆಸ್ಪತ್ರೆಗಳು ಯಾವ ಕೆಲಸಕ್ಕೆ ಹಚ್ಚಿವೆ? ಆಯುಷ್ಮಾನ್ ಕಾರ್ಡಿನ ಅರ್ಜಿ, ರಿಯಾಯಿತಿಯ ಚೀಟಿ, ಬಿಲ್ಲಿನ ವಿವರಣೆ. ಹಣಕಾಸಿನ ವಿಷಯ ಹೇಳುವವರ ಎದೆಯ ಮೇಲೆ ‘ಕೌನ್ಸೆಲರ್’ ಎಂಬ ಬಿಲ್ಲೆ ನೇತಾಡುವುದು ನಮ್ಮ ಕಾಲದ ಅತ್ಯುತ್ತಮ ವ್ಯಂಗ್ಯ.

ತಲಪಾಡಿಯ ಗಡಿ ದಾಟಿ ಕೇರಳಕ್ಕೆ ಕಾಲಿಟ್ಟರೆ ಸಾಕು, ಬೇರೆ ಚಿತ್ರ. 1993ರಲ್ಲಿ ಕೋಝಿಕ್ಕೋಡಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಗೆಳೆಯರು ಶುರು ಮಾಡಿದ ಉಪಶಾಮಕ ಆರೈಕೆಯ ಸಂಘ ಊರೂರಿನ ಸ್ವಯಂಸೇವಕರ ಜಾಲವಾಯಿತು. 2008ರಲ್ಲಿ ಕೇರಳ ಸರಕಾರ ಅದನ್ನು ನೀತಿಯಾಗಿ ಒಪ್ಪಿತು. ಪಂಚಾಯತಿಯ ನರ್ಸು ಮನೆಗೆ ಬರುತ್ತಾಳೆ, ಹಾಸಿಗೆ ಹಿಡಿದವರ ಹತ್ತಿರ ಕೂರುತ್ತಾಳೆ. ಮಂಜೇಶ್ವರದ ಕನ್ನಡದ ರೋಗಿ ಕೀಮೋಗೆ ಮಂಗಳೂರಿಗೆ ಬರುತ್ತಾನೆ, ಕೊನೆಯ ದಿನಗಳ ಆಸರೆ ಅವನಿಗೆ ಸಿಗುವುದು ಗಡಿಯ ಆಚೆ. ಉಳ್ಳಾಲದವನಿಗೆ? ಯಂತ್ರಗಳ ರಾಜಧಾನಿ ನಾವು, ಮನುಷ್ಯರು ಬೇಕಾದರೆ ಕಾಸರಗೋಡಿಗೆ ಹೋಗಬೇಕು. ನಮ್ಮ ರಾಜ್ಯದಲ್ಲೂ ಆಗುವುದಿಲ್ಲವೆಂದಲ್ಲ. ಬೆಂಗಳೂರಿನ ಕರುಣಾಶ್ರಯ 1999ರಿಂದ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಒಂದು ರೂಪಾಯಿ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಿದೆ.

ಸರಕಾರದ ಮಾತು ಕೇಳಿದರೆ ನಗು ಬರುತ್ತದೆ. ಸುಪ್ರೀಂ ಕೋರ್ಟು 2018ರಲ್ಲಿ ಒಪ್ಪಿ, 2023ರಲ್ಲಿ ಸರಳಗೊಳಿಸಿದ ‘ಗೌರವದಿಂದ ಸಾಯುವ ಹಕ್ಕ’ನ್ನು ಜಾರಿಗೆ ತರಲು ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು. ಒಳ್ಳೆಯದೇ. ಅದನ್ನು ಹೊರಡಿಸಿದಾಗ ಆರೋಗ್ಯ ಮಂತ್ರಿಯಾಗಿದ್ದ ದಿನೇಶ್ ಗುಂಡೂರಾವ್ ಅವರೇ ಆಗ ದಕ್ಷಿಣ ಕನ್ನಡದ ಉಸ್ತುವಾರಿ ಮಂತ್ರಿ ಕೂಡ ಆಗಿದ್ದರು. ತನಗೆ ವೆಂಟಿಲೇಟರ್ ಬೇಕೋ ಬೇಡವೋ ಎಂದು ರೋಗಿ ಮುಂಚಿತವಾಗಿ ಬರೆದಿಡಬಹುದು ಎನ್ನುತ್ತದೆ ಆದೇಶ. ಏನಾಗಿದೆ ಎಂದೇ ಹೇಳದವರಿಗೆ ಏನು ಬೇಕೆಂದು ಬರೆಯುವ ಹಕ್ಕು! ಹಕ್ಕನ್ನು ಕೊಟ್ಟ ಸರಕಾರ ಆ ಹಕ್ಕಿನ ಮಾತನ್ನು ಮನೆಯೊಳಗೆ ಎತ್ತಲು ಒಬ್ಬ ಮನುಷ್ಯನನ್ನೂ ಕೊಡಲಿಲ್ಲ.

ಆದ್ದರಿಂದ ಕೇಳಬೇಕಾದ್ದನ್ನು ಗಟ್ಟಿಯಾಗಿ ಕೇಳೋಣ. ನಗರದ ಪ್ರತಿ ಕ್ಯಾನ್ಸರ್ ವಿಭಾಗದಲ್ಲೂ ಒಂದು ಕೋಣೆ, ಏಳೆಂಟು ಕುರ್ಚಿ, ಊರಿನ ಭಾಷೆಗಳು ಬರುವ ತರಬೇತಾದ ಇಬ್ಬರು ಕುಟುಂಬ ಚಿಕಿತ್ಸಕರು ಇರಲಿ. ವೆನ್ಲಾಕಿನಿಂದಲೇ ಇದು ಶುರುವಾಗಲಿ, ಏಕೆಂದರೆ ದುಡ್ಡಿದ್ದವರ ದುಃಖಕ್ಕೆ ಮಾತ್ರ ಕೋಣೆ ಸಿಗುವುದು ಬೇಡ. ಕಾಯಿಲೆ ಹರಡಿದೆ ಎಂದು ತಿಳಿದ ವಾರದೊಳಗೆ ಮೊದಲ ಭೇಟಿ, ಹೊರದೇಶದಲ್ಲಿರುವ ಮಕ್ಕಳನ್ನು ಫೋನಿನಲ್ಲಿ ಸೇರಿಸಿಕೊಂಡು. ಎಷ್ಟು ತಿಳಿಯಬೇಕು ಎಂಬುದನ್ನು ರೋಗಿಯನ್ನೇ ಕೇಳಿ ಕೇಸ್ ಶೀಟಿನಲ್ಲಿ ಬರೆದಿಡುವುದು ಕಡ್ಡಾಯವಾಗಲಿ. ಸಾವಾದ ಮನೆಗೆ ಒಂದು ತಿಂಗಳು, ಆರು ತಿಂಗಳು, ಒಂದು ವರ್ಷಕ್ಕೆ ಆಸ್ಪತ್ರೆಯಿಂದ ಕರೆ ಹೋಗಲಿ. ವೈದ್ಯಕೀಯ ವಿದ್ಯಾರ್ಥಿಗಳು ಹೆಣ ಕೊಯ್ಯುವುದನ್ನು ಕಲಿಯುವಷ್ಟೇ ಶ್ರದ್ಧೆಯಿಂದ ಹೆಂಡತಿ ಮಕ್ಕಳ ಎದುರು ಕೂತು ಕೆಟ್ಟ ಸುದ್ದಿ ಹೇಳುವುದನ್ನು ಕಲಿಯಲಿ, ಅದರಲ್ಲಿ ಫೇಲಾದವರು ಪರೀಕ್ಷೆಯಲ್ಲೂ ಫೇಲಾಗಲಿ. ಸರಕಾರದ ವಿಮಾ ಯೋಜನೆ ಕೀಮೋಗೆ ಹಣ ಕೊಡುವ ಹಾಗೆ ಇಂಥ ಹತ್ತು ಭೇಟಿಗಳಿಗೂ ಕೊಡಲಿ. ಇಷ್ಟನ್ನು ಮಾಡಲಾಗದ ಆಸ್ಪತ್ರೆಗಳು ಪಂಪ್‌ವೆಲ್‌ನಿಂದ ಬಜ್ಪೆಯವರೆಗೆ ಹೆದ್ದಾರಿಯ ಉದ್ದಕ್ಕೂ ನಿಲ್ಲಿಸಿರುವ ಫಲಕಗಳಿಂದ ‘ಸಮಗ್ರ ಕ್ಯಾನ್ಸರ್ ಚಿಕಿತ್ಸೆ’ ಎಂಬುದರಲ್ಲಿ ಮೊದಲ ಪದವನ್ನು ಅಳಿಸಿಹಾಕಲಿ.